ಸದ್ದು ಮಾಡದ ಕ್ಯಾಮೆರಾ

ನನ್ನ ಅಂಗಡಿಗೆ ಬರುವವರಲ್ಲಿ ಹತ್ತಕ್ಕೆ ಏಳು ಜನ ಪೆಚ್ಚುಮೋರೆ ಹಾಕಿಕೊಂಡೇ ಬರುತ್ತಾರೆ. ಒಂದು ಕೈಯಲ್ಲಿ ಹೊಸ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಯಾರೋ ಅಗ್ಗಕ್ಕೆ ಕೊಟ್ಟ ಹಳೇ ಲೆನ್ಸು. "ಮೇಡಂ, ಕೂರೋದೇನೋ ಕೂರುತ್ತೆ, ಫೋಟೋನೂ ಬರುತ್ತೆ, ಆದ್ರೆ ಫೋಕಸ್ಸೇ ಆಗ್ತಿಲ್ಲ" ಎಂದು ರಾಗ ಎಳೆಯುತ್ತಾರೆ. "ತಗೊಳ್ಳೋಕೆ ಮುಂಚೆ ಒಂದು ಮಾತು ಕೇಳೋಕೆ ನಿಮ್ಮ ಬಾಯಿಗೇನು ಬೀಗ ಹಾಕಿತ್ತಾ?" ಎಂದು ನಾನು ಮೊದಲು ಬೈಯುತ್ತೇನೆ. ಬೈದಾದ ಮೇಲೆ ಸ್ಟೂಲು ಎಳೆದು ಕೂರಿಸಿ ವಿವರಿಸುತ್ತೇನೆ. ಬೈಗುಳ, ವಿವರಣೆ ಎರಡೂ ಪುಕ್ಕಟೆ.

ವಿವರಣೆ ಇಷ್ಟೇ. ಲೆನ್ಸು ತಾನಾಗಿ ಫೋಕಸ್ ಮಾಡಬೇಕಾದರೆ ಒಳಗಿನ ಗಾಜನ್ನು ಹಿಂದೆ ಮುಂದೆ ಸರಿಸಲು ಒಂದು ಮೋಟರ್ ಬೇಕು. ಹಳೇ ಲೆನ್ಸುಗಳಲ್ಲಿ ಎಷ್ಟೋ ಲೆನ್ಸುಗಳಿಗೆ ಸ್ವಂತ ಮೋಟರ್ ಇಲ್ಲ; ಅದು ಕ್ಯಾಮೆರಾದ ಹೊಟ್ಟೆಯಲ್ಲಿರುತ್ತಿತ್ತು. ಲೆನ್ಸು ಕೂರುವ ಬಳೆಯ ಅಂಚಿನಲ್ಲಿ ಸ್ಕ್ರೂಡ್ರೈವರಿನ ತುದಿಯಂಥ ಸಣ್ಣ ಕಡ್ಡಿ ಇಣುಕುತ್ತಿರುತ್ತದೆ. ಅದು ಲೆನ್ಸಿನ ಬೆನ್ನಿನ ಸೀಳಿನಲ್ಲಿ ಕೂತು ತಿರುಗಿಸುತ್ತದೆ, ಗರ್‍ರ್ ಎಂದು ಸದ್ದು ಬರುತ್ತದೆ. ಆಮೇಲೆ ಮೋಟರನ್ನು ಲೆನ್ಸಿನೊಳಗೇ ಇಡತೊಡಗಿದರು, ಸದ್ದು ಅಡಗಿತು. ಹೊಸದಾಗಿ ಕಲಿಯುವವರಿಗೆಂದು ಮಾಡುವ ಕೆಲವು ಹಗುರ ಕ್ಯಾಮೆರಾಗಳ ಹೊಟ್ಟೆಯಿಂದ ಮೋಟರನ್ನು ಕಿತ್ತೇ ಹಾಕಿದರು. ಮೋಟರಿಲ್ಲದ ಹಳೇ ಲೆನ್ಸನ್ನು ಮೋಟರಿಲ್ಲದ ಹೊಸ ಕ್ಯಾಮೆರಾಕ್ಕೆ ಹಾಕಿದರೆ ಇನ್ನೇನಾಗುತ್ತದೆ? ಲೆನ್ಸಿನ ಮೇಲಿನ ಉಂಗುರವನ್ನು ಕೈಯಿಂದ ತಿರುಗಿಸಿ ಕಣ್ಣಿನಿಂದ ನೋಡಿಯೇ ಫೋಕಸ್ ಮಾಡಿಕೊಳ್ಳಬೇಕು.

ಇದನ್ನು ಹೇಳಿ ಹೇಳಿ ಸಾಕಾಗಿ ಒಂದು ದೊಡ್ಡ ಹಾಳೆಯ ಮೇಲೆ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೇನೆ. ಅಡ್ಡಕ್ಕೆ ಕ್ಯಾಮೆರಾಗಳು, ಉದ್ದಕ್ಕೆ ಲೆನ್ಸುಗಳು. ಹಸಿರು ಚುಕ್ಕೆ ಇದ್ದರೆ ತಾನಾಗಿ ಫೋಕಸ್ ಆಗುತ್ತದೆ, ಕೆಂಪು ಚುಕ್ಕೆ ಇದ್ದರೆ ಕೈಯೇ ಗತಿ. ಪುಸ್ತಕ ನೋಡಿ ಬರೆದದ್ದಲ್ಲ, ಒಂದೊಂದನ್ನೂ ನಾನೇ ಹಾಕಿ ನೋಡಿ ಚುಕ್ಕೆ ಇಟ್ಟಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಅಂಗಡಿಯಿಂದ ಹೊಂದದ ಜೋಡಿ ಹೊರಗೆ ಹೋದದ್ದಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಹೋಯಿತು. ಒಂದೇ ಒಂದು ಜೋಡಿ ಹೋಯಿತು. ಅದನ್ನು ನನ್ನ ಕೈಯಾರೆ ನನ್ನ ಒಡಹುಟ್ಟಿದ ಅಣ್ಣನಿಗೆ ಕೊಟ್ಟೆ.

ನಾವು ಮೂವರು. ಅಕ್ಕ, ಅಣ್ಣ, ಕೊನೆಯವಳು ನಾನು. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೈದು. ಅವಳು ಶಾಲೆ ಬಿಟ್ಟು ನಮ್ಮಿಬ್ಬರನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ "ಈ ಎರಡನ್ನ ಕಟ್ಕೊಂಡು ಏಗಿದ್ದೇ ಸಾಕು, ಮೂರನೇದು ಬೇಡ" ಎನ್ನುತ್ತಿದ್ದಳು. ಅಣ್ಣ ಸ್ಟುಡಿಯೊ ಇಟ್ಟಾಗ ಅದರ ಅರ್ಧ ಕೆಲಸ ಅವಳದೇ ಆಯಿತು. ಫೋಟೋಕ್ಕೆ ಬಂದವರ ತಲೆ ಬಾಚುವುದು, ಕಾಲರ್ ಸರಿ ಮಾಡುವುದು, ಅಳುವ ಮಗುವಿನ ಮುಂದೆ ಗಿಲಕಿ ಆಡಿಸುವುದು, ಬೆಳಕು ತಿರುಗಿಸಲು ಬಿಳಿ ಹಲಗೆ ಹಿಡಿದು ನಿಲ್ಲುವುದು. ಮೂವತ್ತೈದು ವರ್ಷ ಹೀಗೆ ಕ್ಯಾಮೆರಾದ ಪಕ್ಕದಲ್ಲೇ ನಿಂತವಳು ಒಂದು ದಿನವೂ ಅದರ ಮುಂದೆ ನಿಲ್ಲಲಿಲ್ಲ. ಕರೆದರೆ, "ನನ್ನ ಮುಖಕ್ಕೆ ಫಿಲಂ ಯಾಕೋ ದಂಡ" ಎನ್ನುವಳು. ಫಿಲಂ ಕಾಲ ಮುಗಿದ ಮೇಲೂ ಅದೇ ಮಾತು. ಅವಳ ಫೋಟೋ ಎಂದು ಇದ್ದದ್ದು ಗುರುತಿನ ಚೀಟಿಯದೊಂದೇ. ಅದರಲ್ಲಿ ಅವಳು ಪಾತ್ರೆ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಾಳೆ.

ಹೋದ ವರ್ಷ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಒಂದು ಸಲ ಕೊಯ್ದರು, ಆರು ತಿಂಗಳು ಔಷಧಿ ಹಾಕಿದರು, ಕೂದಲು ಹೋಯಿತು. ಆಮೇಲೆ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ, "ಇನ್ನು ಮನೇಲೇ ನೋಡ್ಕೊಳ್ಳಿ" ಎಂದರು. ಆ ಮಾತಿನ ಅರ್ಥ ಅಕ್ಕನಿಗೆ ನಮಗಿಂತ ಮೊದಲೇ ಆಯಿತು. ಮನೆಗೆ ಬಂದು ಎರಡು ವಾರದ ಹೊತ್ತಿಗೆ ಅವಳ ತಲೆಯ ಮೇಲೆ ಅಕ್ಕಿಕಾಳಿನಷ್ಟು ಬೆಳ್ಳಗಿನ ಕೂದಲು ಬಂದಿತ್ತು. ಅದನ್ನು ಸವರಿಕೊಳ್ಳುತ್ತಾ ಅಣ್ಣನಿಗೆ ಹೇಳಿದಳು:

"ನಂದೊಂದು ಫೋಟೋ ತೆಗಿಯೋ. ಚೆನ್ನಾಗಿರೋದು. ನಾನು ಸತ್ತ ಮೇಲೆ ಆ ಚೀಟಿ ಮುಖ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ರೆ ಎದ್ದು ಬಂದು ಬಾರಿಸ್ತೀನಿ ಇಬ್ರಿಗೂ."

ನಾವು ನಕ್ಕೆವು. ಅಣ್ಣ ನಗುತ್ತಲೇ ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ.

ಅದೇ ವಾರ ಅವನ ಹಳೇ ಕ್ಯಾಮೆರಾ ಕೈಕೊಟ್ಟಿತು. ಹನ್ನೆರಡು ವರ್ಷ ದುಡಿದ ದಪ್ಪ ಕ್ಯಾಮೆರಾ, ಶಟರ್ ಹರಿದು ಹೋಗಿತ್ತು. ಬಿಡಿಭಾಗ ತರಿಸಲು ಎರಡು ತಿಂಗಳು ಬೇಕು. ಅಕ್ಕನ ಹತ್ತಿರ ಎರಡು ತಿಂಗಳು ಇದೆಯೋ ಇಲ್ಲವೋ ಯಾರಿಗೆ ಗೊತ್ತು? ಅಣ್ಣ ಶನಿವಾರ ಬೆಳಿಗ್ಗೆ ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದ. ಮುಖ ತೆಗೆಯಲೆಂದೇ ಮಾಡಿದ ಲೆನ್ಸು ಅದು, ಹಳೆಯದು, ತೂಕದ್ದು. ಕಣ್ಣಿಗೆ ಫೋಕಸ್ ಕೂತರೆ ಕಿವಿ ಮಸುಕಾಗುವಷ್ಟು ತೆಳು ಅದರ ಹಿಡಿತ. ಆ ಲೆನ್ಸಿನ ಮುಂದೆ ಎಂಥ ಮುಖವೂ ಚೆಂದ ಎಂದು ಅಣ್ಣ ಅದನ್ನು ಮಗುವಿನ ಹಾಗೆ ಕಾಪಾಡಿಕೊಂಡು ಬಂದಿದ್ದ.

ಇಲ್ಲಿ ಅಣ್ಣನ ಒಂದು ಗುಣ ಹೇಳಬೇಕು. ತಾನಾಗಿ ಫೋಕಸ್ ಆಗುವ ಕ್ಯಾಮೆರಾ ಮೊದಲು ಬಂದಾಗ ಅದನ್ನು ಅವನಷ್ಟು ಆಡಿಕೊಂಡವರು ಇನ್ನೊಬ್ಬರಿಲ್ಲ. "ಅದೆಲ್ಲ ಕಣ್ಣಿಲ್ಲದೋರಿಗೆ ಕಣೇ. ಫೋಟೋದವನಿಗೆ ಕಣ್ಣಿಲ್ಲ ಅಂದ್ಮೇಲೆ ಅಂಗಡಿ ಮುಚ್ಚಿ ಮನೇಲಿ ಕೂತ್ಕೋಬೇಕು" ಎಂದು ಬಂದವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದ. ಅವನು ಉಂಗುರ ತಿರುಗಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹೆಬ್ಬೆರಳು, ತೋರುಬೆರಳು ಒಂದು ಸಲ ಅತ್ತ, ಒಂದು ಸಲ ಇತ್ತ, ಕ್ಲಿಕ್. ತಪ್ಪಿದ್ದೇ ಇಲ್ಲ.

ಹಾಗಾಗಿ ನಾನು ಅವನಿಗೆ ಹುಡುಕಿದ್ದು ಹಗುರವಾದ ಕ್ಯಾಮೆರಾ. ಅರವತ್ತು ದಾಟಿದವನು, ಕತ್ತು ನೋವು ಎನ್ನುತ್ತಿದ್ದ. ಕಪಾಟಿನಲ್ಲಿ ಕಲಿಯುವವರ ಕ್ಯಾಮೆರಾ ಒಂದಿತ್ತು, ಹೆಚ್ಚು ಬಳಸಿರಲಿಲ್ಲ. ಮೊದಲು ಅದರ ಜೊತೆ ಬಂದ ಸಣ್ಣ ಲೆನ್ಸು ಹಾಕಿ ಅವನ ಕಿವಿಯ ಹತ್ತಿರ ಹಿಡಿದು ಗುಂಡಿ ಅರ್ಧ ಒತ್ತಿದೆ.

"ಕೇಳಿಸ್ತಾ?"

"ಏನೂ ಇಲ್ಲ."

"ಅದೇ. ಫೋಕಸ್ ಆಯ್ತು, ಸದ್ದೇ ಇಲ್ಲ. ನಿನ್ನ ಹಳೇದು ನಾನಿಲ್ಲಿ ಒತ್ತಿ ನೋಡ್ದಾಗ ಹಿಟ್ಟಿನ ಗಿರಣಿ ಥರ ಗರಗುಡ್ತಿತ್ತು. ಇದು ಬೆಕ್ಕಿನ ಹೆಜ್ಜೆ."

ಆಮೇಲೆ ಆ ಲೆನ್ಸು ತೆಗೆದು ಅವನದನ್ನು ಹಾಕಿದೆ. ಬೆಳಕಿನ ಅಳತೆ ಬರುತ್ತಿದೆಯೇ ನೋಡಿದೆ, ಸರಿಯಿತ್ತು. ಶಟರ್ ಸರಿಯಿತ್ತು. ಲೆನ್ಸಿಗೂ ಕ್ಯಾಮೆರಾಕ್ಕೂ ತಗುಲುವ ತಾಮ್ರದ ಚುಕ್ಕೆಗಳನ್ನು ಒರೆಸಿದೆ. ಫೋಕಸ್ ಆದಾಗ ಬರುವ ಪೀಪ್ ಎನ್ನುವ ಸದ್ದು ಅವನಿಗಾಗದು ಎಂದು ಅದನ್ನು ನಾನೇ ಮೊದಲೇ ಮುಚ್ಚಿದ್ದೆ. ಈ ಜೋಡಿಗೆ ನನ್ನ ಪಟ್ಟಿಯಲ್ಲಿ ಕೆಂಪು ಚುಕ್ಕೆ ಇದೆ ಎಂದು ನನಗೆ ಗೊತ್ತಿತ್ತು, ಗೊತ್ತಿಲ್ಲದೆ ಏನು! ಬೇರೆ ಯಾರಾದರೂ ಆಗಿದ್ದರೆ ಎದುರಿಗೆ ಕೂರಿಸಿ, ಉಂಗುರವನ್ನು ಅವರಿಂದಲೇ ತಿರುಗಿಸಿ, ಒಂದು ಫೋಟೋ ತೆಗೆಸಿ ನೋಡದೆ ಕಳಿಸುತ್ತಿರಲಿಲ್ಲ. ಅಣ್ಣನಿಗೆ ಉಂಗುರ ತಿರುಗಿಸುವುದನ್ನು ಕಲಿಸಲು ಹೋಗುವುದೇ? ತಮಾಷೆ ಮಾಡಿದೆ.

"ಆಟೋಫೋಕಸ್ ಬೇಕಾ ಅಂತ ನಿನ್ನ ಕೇಳೋ ಧೈರ್ಯ ನಂಗಿಲ್ಲಪ್ಪ. ಸ್ಟೂಲಲ್ಲೇ ಹೊಡೀತೀಯ."

ಅಣ್ಣ ನಕ್ಕ. ಒಂದು ಕ್ಷಣ ತಡವಾಗಿ ನಕ್ಕ. ಅದನ್ನು ನಾನು ಗಮನಿಸಿದೆ, ಆದರೆ ಅಕ್ಕನ ಚಿಂತೆ ಎಂದುಕೊಂಡೆ. ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ:

"ಎಲ್ಲಾ ಕೆಲಸ ಮಾಡುತ್ತೆ ತಾನೆ?"

"ನಿಂಗೆ ಬೇಕಾದ್ದೆಲ್ಲ ಮಾಡುತ್ತೆ" ಎಂದೆ.

ಭಾನುವಾರ ಅವರಿಬ್ಬರೇ ಸ್ಟುಡಿಯೊದಲ್ಲಿ ಫೋಟೋ ತೆಗೆದರು. ಮನೆಯ ಮುಂಭಾಗವೇ ಸ್ಟುಡಿಯೊ, ನಡುವೆ ಒಂದು ಬಾಗಿಲು. ಅಕ್ಕ ನೀಲಿ ಸೀರೆ ಉಟ್ಟಳಂತೆ, ತಲೆಗೆ ಏನೂ ಕಟ್ಟುವುದಿಲ್ಲ ಎಂದಳಂತೆ. ನಾನಿರಲಿಲ್ಲ. ನಾನಿದ್ದರೆ ಅಕ್ಕ ಸೀರಿಯಸ್ಸಾಗಿ ಕೂರುವುದಿಲ್ಲ, ನಗುತ್ತಾಳೆ ಎಂದು ಅಣ್ಣನೇ ಬರಬೇಡ ಎಂದಿದ್ದ.

ಮಂಗಳವಾರ ಮಧ್ಯಾಹ್ನ ಅವನು ಕಾರ್ಡು ತಂದು ಕೊಟ್ಟ. "ನಿನ್ನ ಕಂಪ್ಯೂಟರ್ ದೊಡ್ಡದು, ನೀನೇ ಒಂದು ಚೆನ್ನಾಗಿರೋದು ಆರಿಸು" ಎಂದು ನಿಲ್ಲದೆ ಹೋದ. ಎರಡು ವರ್ಷದಿಂದ ಅವನು ಆರಿಸುವ ಕೆಲಸವನ್ನು ನನ್ನ ತಲೆಗೇ ಕಟ್ಟುತ್ತಿದ್ದ. ಸೋಮಾರಿಯಾಗುತ್ತಿದ್ದಾನೆ ಎಂದು ನಾನು ಗೊಣಗುತ್ತಿದ್ದೆ.

ಮೊದಲನೆಯ ಫೋಟೋ ತೆರೆದೆ. ಮಸುಕು. ಒಂದು ತಪ್ಪಿರಬಹುದು ಎಂದು ಎರಡನೆಯದು ತೆರೆದೆ. ಹತ್ತನೆಯದು. ಮೂವತ್ತನೆಯದು. ಬೆಳಕು ಎಷ್ಟು ಚೆನ್ನಾಗಿತ್ತೆಂದರೆ ನಾನು ಅಳುವ ಹಾಗಾಯಿತು. ಎಡಗೆನ್ನೆಯ ಮೇಲೆ ಕಿಟಕಿಯ ಬೆಳಕು, ತಲೆಯ ಮೇಲಿನ ಬಿಳಿ ಕೂದಲಿಗೆ ಹಿಂದಿನಿಂದ ಒಂದು ಸಣ್ಣ ಬೆಳಕು. ಅಷ್ಟು ಚೆಂದದ ಬೆಳಕಿನಲ್ಲಿ ಅಕ್ಕನಿಗೆ ಕಣ್ಣೇ ಇರಲಿಲ್ಲ, ಎರಡು ಕಪ್ಪು ಕಲೆಗಳಿದ್ದವು. ಫೋಕಸ್ ಎಲ್ಲಿ ಬಿದ್ದಿದೆ ಎಂದು ಹುಡುಕಿದೆ. ಕುರ್ಚಿಯ ಮೇಲೂ ಇಲ್ಲ, ಹಿಂದಿನ ಪರದೆಯ ಮೇಲೂ ಇಲ್ಲ. ಅಕ್ಕನಿಗಿಂತ ಒಂದು ಮೊಳ ಮುಂದೆ, ಬರೀ ಗಾಳಿಯ ಮೇಲೆ ಬಿದ್ದಿತ್ತು. ಎಲ್ಲದರಲ್ಲೂ ಅಲ್ಲೇ. ಅಂದರೆ ಉಂಗುರವನ್ನು ಯಾರೂ ಮುಟ್ಟಿಯೇ ಇಲ್ಲ.

ಉಂಗುರವನ್ನು ಮುಟ್ಟದೆ ಇರುವವರು ಯಾರು? ಕ್ಯಾಮೆರಾ ತಾನೇ ಮಾಡುತ್ತದೆ ಎಂದು ನಂಬಿದವರು. ಹಳೇ ಕ್ಯಾಮೆರಾದಲ್ಲಿ ಮೋಟರ್ ತಿರುಗುವಾಗ ಉಂಗುರ ಹಿಡಿದರೆ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಬಳಕೆ ಇದ್ದವರು ಬೆರಳು ದೂರ ಇಡುತ್ತಾರೆ. ಆದರೆ ಅದು ಅಣ್ಣನಿಗೆ ಹೇಗೆ ಬಳಕೆ? ಫೋಟೋ ತೆಗೆದಾಗ ಕ್ಯಾಮೆರಾ ಹೇಗಿತ್ತು ಎಂಬುದೆಲ್ಲ ಫೋಟೋದ ಒಳಗೇ ದಾಖಲಾಗಿರುತ್ತದೆ. ಅಣ್ಣನ ಹಳೇ ಕ್ಯಾಮೆರಾದ ಫೋಟೋಗಳು ನನ್ನ ಹತ್ತಿರವೇ ಇದ್ದವು. ಒಂದೊಂದಾಗಿ ತೆರೆದು ನೋಡಿದೆ. ಆರು ವರ್ಷದ ಹಿಂದಿನವೆಲ್ಲ ಕೈಯಿಂದ ಫೋಕಸ್ ಮಾಡಿದ್ದು. ಮೂರು ವರ್ಷದ ಹಿಂದೆ ಅಲ್ಲೊಂದು ಇಲ್ಲೊಂದು ಆಟೋ. ಎರಡು ವರ್ಷದಿಂದ ಈಚೆಗೆ ಒಂದು ಬಿಡದೆ ಎಲ್ಲವೂ ಆಟೋ.

ಅಣ್ಣನಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಹಿಟ್ಟಿನ ಗಿರಣಿ ಎಂದು ಆಡಿಕೊಂಡ ಆ ಸದ್ದೇ ಅವನ ಕಣ್ಣಾಗಿತ್ತು. ಆ ಸದ್ದು ನಿಂತಿತೆಂದರೆ ಫೋಕಸ್ ಆಯಿತು ಎಂದು ಅವನು ತಿಳಿಯುತ್ತಿದ್ದ. ಸದ್ದೇ ಇಲ್ಲದ ಕ್ಯಾಮೆರಾ ಎಂದು ನಾನು ಅವನ ಕಿವಿಗೆ ಹಿಡಿದು ತೋರಿಸಿ ಕಳಿಸಿದ್ದೆ. ಅವನು ಅರ್ಧ ಗುಂಡಿ ಒತ್ತಿ, ಸದ್ದಿಲ್ಲದ್ದನ್ನು ಕೇಳಿ, ಆಯಿತು ಎಂದುಕೊಂಡು ಇನ್ನೂರ ಹನ್ನೆರಡು ಸಲ ಕ್ಲಿಕ್ ಮಾಡಿದ್ದ. ಇನ್ನೂರ ಹನ್ನೆರಡರಲ್ಲಿ ನಾನು ಅರವತ್ತನ್ನೂ ನೋಡಲಿಲ್ಲ, ಕಂಪ್ಯೂಟರ್ ಮುಚ್ಚಿದೆ.

ಆಗಲೇ ಫೋನ್ ಬಂತು. ಅಕ್ಕ.

"ನೋಡ್ದ್ಯೇನೇ ಮೆಣಸಿನಕಾಯಿ?" ಅವಳು ನನ್ನನ್ನು ಕರೆಯುವುದೇ ಹಾಗೆ, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡಿದ್ದೇನೆ ಎಂದು.

"ನೋಡ್ತಾ ಇದೀನಕ್ಕ."

"ಹೇಗಿದೀನಿ?"

"ಪಾತ್ರೆ ಕದ್ದಂಗೆ ಕಾಣ್ತಿಲ್ಲ" ಎಂದೆ. ಅವಳು ನಕ್ಕಳು. ಪ್ರಿಂಟಿನ ಬಣ್ಣ ಸರಿ ಬರುತ್ತಿಲ್ಲ, ಎರಡು ದಿನ ಬೇಕು ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಮಾಡಬೇಕಾದ್ದೇನು ಎಂದು ನನಗೆ ಆಗಲೇ ಗೊತ್ತಿತ್ತು. ಕಪಾಟಿನಲ್ಲಿ ಸ್ವಂತ ಮೋಟರ್ ಇರುವ ಅಂಥದೇ ಲೆನ್ಸು ಇತ್ತು, ಅದೇ ಕ್ಯಾಮೆರಾಕ್ಕೆ ಹಸಿರು ಚುಕ್ಕೆ. ಹಾಕಿ ನೋಡಿದೆ, ನೀರಿನ ಹಾಗೆ ನಡೆಯಿತು. ಬುಧವಾರ ಬೆಳಿಗ್ಗೆ ಅದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದೆ. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಅವತ್ತು ಅರ್ಧ ಲೋಟ ಗಂಜಿ ಕುಡಿದಿದ್ದಳು. ಅಣ್ಣ ಅವಳ ಕಾಲುಗುರು ಕತ್ತರಿಸುತ್ತಿದ್ದ. ಕಣ್ಣಿಟ್ಟು ನೋಡುತ್ತಿರಲಿಲ್ಲ, ಬೆರಳಿನಿಂದ ತಡವಿ ತಡವಿ ಕತ್ತರಿಸುತ್ತಿದ್ದ. ಇಷ್ಟು ದಿನ ಇದು ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ?

"ಫೋಟೋ ನೋಡಿದ್ಯಾ?" ಅಕ್ಕ ಮತ್ತೆ ಕೇಳಿದಳು.

"ನೋಡ್ದೆ."

"ಎಲ್ಲಾ ಸರಿಯಾಗಿದ್ಯಾ? ಏನಾದ್ರೂ ಹೇಳೋದಿದ್ರೆ ಹೇಳು."

ಅಣ್ಣನ ಕೈ ನಿಂತಿತ್ತು. ಅವನು ತಲೆ ಎತ್ತಲಿಲ್ಲ. ಈ ಕಾಯಿಲೆಯವಳ ಮುಂದೆ ನಿನ್ನ ತಮ್ಮ ಕುರುಡಾಗುತ್ತಿದ್ದಾನೆ ಎಂದು ಹೇಗೆ ಹೇಳಲಿ ಎಂದು ನಾನು ಯೋಚಿಸಿದೆ ಎಂದು ಈಗ ಹೇಳಬಹುದು. ಅದೂ ನಿಜವೇ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಊರವರನ್ನೆಲ್ಲ ಸ್ಟೂಲಿನಲ್ಲಿ ಕೂರಿಸಿ ಬೈಯುವ ನಾನು, ನನ್ನ ಪಟ್ಟಿಯಲ್ಲಿ ಕೆಂಪು ಚುಕ್ಕೆ ಇರುವ ಜೋಡಿಯನ್ನು ತೆಗೆಸಿ ನೋಡದೆ ಕೊಟ್ಟೆ ಎಂದು ಒಪ್ಪಿಕೊಳ್ಳಬೇಕಾಗಿತ್ತು. ಅದೂ ಯಾವ ಫೋಟೋಕ್ಕೆ!

"ಚೆನ್ನಾಗಿವೆ. ಎಲ್ಲಾ ಚೆನ್ನಾಗಿ ಬಂದಿವೆ" ಎಂದೆ.

ಅಕ್ಕ ಅಣ್ಣನ ಕಡೆ ನೋಡಿದಳು. ಅಣ್ಣ ಜೋರಾಗಿ ನಕ್ಕ, ಉಗುರು ಕತ್ತರಿ ನೆಲಕ್ಕೆ ಬಿತ್ತು. "ನಾನು ಹೇಳ್ಲಿಲ್ವಾ!" ಎಂದ. ಎಷ್ಟು ಚೆನ್ನಾಗಿ ನಟಿಸುತ್ತಾನೆ ಎಂದುಕೊಂಡೆ. ಲೆನ್ಸು ಚೀಲದಲ್ಲೇ ಇತ್ತು. ಹಾಗೇ ವಾಪಸು ತಂದೆ.

ಗುರುವಾರವೂ ಹೋದೆ, ಚೀಲದೊಂದಿಗೆ. ಅಕ್ಕ ಕೂತೇ ಇದ್ದಳು. ಇನ್ನೊಂದು ಸಲ ತೆಗೆಯೋಣ ಎನ್ನಲು ನೆಪ ಹುಡುಕಿದೆ, ಅಂಗಡಿಯಿಂದ ಫೋನ್ ಬಂತೆಂದು ಎದ್ದು ಬಂದೆ. ಶುಕ್ರವಾರ ಹೋಗಲಿಲ್ಲ. ನಾಳೆ ಅಣ್ಣನೊಬ್ಬನನ್ನೇ ಅಂಗಡಿಗೆ ಕರೆದು ಮಾತಾಡುತ್ತೇನೆ ಎಂದು ಗಟ್ಟಿಮನಸ್ಸು ಮಾಡಿಕೊಂಡೆ. ಶನಿವಾರ ಬೆಳಿಗ್ಗೆ ಅಕ್ಕನಿಗೆ ಉಸಿರು ಸಿಗದೆ ಆಸ್ಪತ್ರೆಗೆ ಸೇರಿಸಿದರು. ಮುಖ ಊದಿಕೊಂಡಿತು, ಮೂಗಿಗೆ ಬಾಯಿಗೆ ಆಕ್ಸಿಜನ್ನಿನ ಮುಸುಕು ಹಾಕಿದರು. ಮಾತಾಡುವ ಶಕ್ತಿ ಇದ್ದ ಕೊನೆಯ ಸಂಜೆ ಅವಳು ಮುಸುಕು ಸರಿಸಿ, "ಫೋಟೋ ತಂದ್ಯಾ?" ಎಂದು ಕೇಳಿದಳು. "ಫ್ರೇಮ್ ಹಾಕಿಸ್ತಾ ಇದೀನಕ್ಕ" ಎಂದೆ. "ದುಂದು" ಎಂದಳು. ಬುಧವಾರ ಬೆಳಗಿನ ಜಾವಕ್ಕೆ ತೀರಿಕೊಂಡಳು.

ಗೋಡೆಗೆ ನಾವು ಏನನ್ನೂ ಹಾಕಲಿಲ್ಲ. ಬಂದವರು ಕೇಳಿದರು. ಬರ್ತಿದೆ, ಇವಳು ಮಾಡಿಸ್ತಾ ಇದಾಳೆ ಎಂದು ಅಣ್ಣ ಎಲ್ಲರಿಗೂ ಹೇಳಿದ.

ಬಂದವರೆಲ್ಲ ಹೋದ ಮೇಲೆ, ಒಂದು ಮಧ್ಯಾಹ್ನ ಅಣ್ಣ ಅಂಗಡಿಗೆ ಬಂದ. ಸ್ಟೂಲು ಎಲ್ಲಿದೆ ಎಂದು ಕಾಲಿನಿಂದ ತಡವಿ ಕೂತ. ಈಗ ನನಗೆ ಎಲ್ಲವೂ ಕಾಣುತ್ತಿತ್ತು.

"ಎಲ್ಲಿ, ಫ್ರೇಮ್ ಕೊಡು" ಎಂದ.

ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು ಎದುರಿಗೆ ಕೂತು ಹೇಳಿದೆ. ಒಂದೇ ಉಸಿರಿಗೆ ಹೇಳಿದೆ. ಆ ಲೆನ್ಸಿನಲ್ಲಿ ಮೋಟರ್ ಇಲ್ಲ, ಆ ಕ್ಯಾಮೆರಾದಲ್ಲೂ ಮೋಟರ್ ಇಲ್ಲ, ನನಗೆ ಗೊತ್ತಿತ್ತು, ನಿನಗೆ ಬೇಕಾಗಿಲ್ಲ ಎಂದುಕೊಂಡೆ, ನಿನ್ನ ಕಣ್ಣಿನ ವಿಷಯ ನನಗೆ ಗೊತ್ತಿರಲಿಲ್ಲ, ಒಂದು ಫೋಟೋನೂ ಸರಿ ಬಂದಿಲ್ಲ, ನಾನು ಸುಳ್ಳು ಹೇಳಿದೆ.

ಅಣ್ಣ ತನ್ನ ಕಣ್ಣಿನ ಬಗ್ಗೆ ಹೇಳಿದ, ಯಾರದೋ ವಿಷಯ ಹೇಳುವ ಹಾಗೆ. "ನಡುವೆ ಒಂದು ಮಚ್ಚೆ ಕೂತಿದೆ. ಎರಡು ಕಣ್ಣಲ್ಲೂ. ಅಂಚೆಲ್ಲ ಕಾಣುತ್ತೆ, ಅದಕ್ಕೇ ನಡೆಯೋಕೆ ಅಡ್ಡಿಯಿಲ್ಲ. ನೀನು ಎದುರಿಗೆ ಕೂತಿದೀಯ, ನಿನ್ನ ಕಿವಿ ಕಾಣುತ್ತೆ, ಮುಖ ಇಲ್ಲ. ವಾಸಿಯಾಗೋದಲ್ಲ ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಅಷ್ಟೆಲ್ಲ ಜಂಬ ಕೊಚ್ಚಿದ್ದವನು."

ಆಮೇಲೆ, "ಎಲ್ಲಾ ತೆಗಿ. ಒಂದೂ ಬಿಡಬೇಡ. ಒಂದಾದ್ರೂ ಎಲ್ಲಾದ್ರೂ ಸರಿ ಬಂದಿದ್ಯಾ ನೋಡು" ಎಂದ.

ಮೊದಲಿನಿಂದ ತೆರೆದೆ. ಪ್ರತಿಯೊಂದಕ್ಕೂ ಅವನು "ಹೂಂ?" ಎನ್ನುತ್ತಿದ್ದ, ನಾನು "ಇಲ್ಲ" ಎನ್ನುತ್ತಿದ್ದೆ. ಅಕ್ಕ ನೆಟ್ಟಗೆ ಕೂತಿದ್ದಾಳೆ, ಇಲ್ಲ. ಅಕ್ಕ ಕಿಟಕಿ ನೋಡುತ್ತಿದ್ದಾಳೆ, ಇಲ್ಲ. ಅಕ್ಕ ನಗುತ್ತಿದ್ದಾಳೆ, ಇಲ್ಲ. ನೂರ ಎಂಬತ್ತು ದಾಟಿತು. ನೂರ ಎಂಬತ್ತೇಳನೆಯದು ತೆರೆದು ನಾನು ಮಾತಾಡಲಿಲ್ಲ.

"ಏನು?"

"ಕೈ" ಎಂದೆ. "ಒಂದು ಕೈ ಸರಿ ಬಂದಿದೆ."

ಅದರಲ್ಲಿ ಅಕ್ಕ ಕುರ್ಚಿಯಿಂದ ಮುಂದಕ್ಕೆ ಬಾಗಿ ಕ್ಯಾಮೆರಾದ ಕಡೆಗೆ ಬಲಗೈ ಚಾಚಿದ್ದಳು. ಮುಖ ಎಂದಿನ ಹಾಗೆ ಮಸುಕು. ಕೈ ಮಾತ್ರ ಆ ಒಂದು ಮೊಳ ಮುಂದೆ ಬಂದು ಫೋಕಸ್ಸಿನಲ್ಲಿ ನಿಂತಿತ್ತು. ಸೂಜಿ ಚುಚ್ಚಿ ಚುಚ್ಚಿ ಕಪ್ಪಾದ ಮುಂಗೈ, ಸಡಿಲವಾದ ಬಳೆ, ಬಿಚ್ಚಿದ ಐದು ಬೆರಳು, ಬೆರಳಿನ ಒಂದೊಂದು ಗೆರೆ. ಅಣ್ಣನಿಗೆ ಅದನ್ನೆಲ್ಲ ಹೇಳಿದೆ. ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ.

"ಅವತ್ತು ದೀಪದ ವೈರು ಕಾಲಿಗೆ ಸಿಕ್ತು. ಮುಗ್ಗರಿಸ್ದೆ. ಬಿದ್ದೀಯ, ಈ ಕಡೆ ಬಾ ಅಂತ ಕೈ ಕೊಟ್ಟಳು. ಬೆರಳು ಗುಂಡಿ ಮೇಲಿತ್ತು, ಒತ್ತಿಹೋಯ್ತು ಕಾಣುತ್ತೆ. ಕೈ ಹಿಡ್ಕೊಂಡು, ಎಷ್ಟು ದಿನದಿಂದ ಕಾಣ್ತಿಲ್ಲ ಅಂತ ಕೇಳಿದ್ಳು. ಎಲ್ಲಾ ಹೇಳ್ದೆ. ಚಿಕ್ಕವಳಿಗೆ ಹೇಳು, ಮುಂದೆ ನಿನ್ನ ನೋಡ್ಕೊಳ್ಳೋಳು ಅವಳೇ ಅಂದ್ಳು. ನಾನು, ಈಗ ಬೇಡ, ಫೋಟೋ ಕೆಟ್ಟಿದ್ರೆ ಅವಳಿಗೇ ತಿಳಿಯುತ್ತೆ, ಬಂದು ಬೈದು ಕೇಳ್ತಾಳೆ, ಆಗ ಹೇಳ್ತೀನಿ, ಇನ್ನೊಂದ್ಸಲ ತೆಗೀತೀನಿ ಅಂದೆ. ಇಬ್ರೂ ಕಾಯ್ತಿದ್ವಿ ಕಣೇ. ನೀನು ಬಂದೆ, ಎಲ್ಲಾ ಚೆನ್ನಾಗಿದೆ ಅಂದೆ. ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಕಣ್ಣು ಹೋದ್ರೂ ಫೋಟೋ ಬಂತಲ್ಲ ಅಂತ."

ಉಗುರು ಕತ್ತರಿ ಬಿದ್ದ ದಿನದ ಅವನ ಆ ನಗು ನಟನೆಯಾಗಿರಲಿಲ್ಲ. "ಏನಾದ್ರೂ ಹೇಳೋದಿದ್ರೆ ಹೇಳು" ಎಂದು ಅಕ್ಕ ನನ್ನ ಬಾಯಿ ಬಿಡಿಸಲು ನೋಡಿದ್ದಳು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಅಳು ನಿಲ್ಲುವವರೆಗೆ ಅಣ್ಣ ಕಾದ. ಆಮೇಲೆ ಕೇಳಿದ:

"ಇವನ್ನ ನೀನು ಮೊದಲು ನೋಡಿದ್ದು ಯಾವತ್ತು?"

"ಮಂಗಳವಾರ. ನೀನು ಕಾರ್ಡ್ ಕೊಟ್ಟ ದಿನಾನೇ."

ಅವನು ಬೆರಳು ಮಡಿಚಿ ಎಣಿಸಿದ. "ಬುಧವಾರ, ಗುರುವಾರ, ಶುಕ್ರವಾರ. ಮೂರು ದಿನ ಅವಳು ಕುರ್ಚೀಲಿ ಕೂತೇ ಇದ್ಳಲ್ಲೇ."

ಬೈಯಲಿಲ್ಲ. ದನಿ ಕೂಡ ಏರಿಸಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಹೇಳುತ್ತಿದ್ದೆನೇನೋ. ಅಣ್ಣ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಅಂಚಿಗೆ ಆ ಕೈ ಸಿಗುತ್ತದೆಯೇ ಎಂದು ನೋಡುತ್ತಾ ಕೂತ.